ಹಿಮದ ಬೆಟ್ಟಕ್ಕೆ ಎರಡು ಜೊತೆ ಬೂಟು

ನಾನು ಹತ್ತಿರುವ ದೊಡ್ಡ ಬೆಟ್ಟ ಅಂದರೆ ಪಿರಿಯಾಪಟ್ಟಣದ ಕಡೆಯ ಬೆಟ್ಟದಪುರದ್ದು, ಅದೂ ಒಂದೇ ಸಲ. ಆದರೆ ಹಿಮದ ಬೆಟ್ಟಕ್ಕೆ ಹೋದ ಬೂಟನ್ನು ಈ ಕೈಯಲ್ಲಿ ಹೊಲಿದಿದ್ದೇನೆ.

ಹುಣಸೂರಿನಲ್ಲಿ ನಮ್ಮದು ಬೂಟು ಹೊಲಿಯುವ ಅಂಗಡಿ. ನಮ್ಮ ತಂದೆ, ಅಂದರೆ ಅಬ್ಬಾ, ಮತ್ತು ನಾನು, ಇಬ್ಬರೇ. ಆಗ ನನಗೆ ಇಪ್ಪತ್ತಾರು. ಅಬ್ಬಾರಿಗೆ ದಮ್ಮಿನ ಕಾಯಿಲೆ. ಚಳಿಗಾಲ ಬಂತೆಂದರೆ ಮನೆಯಿಂದ ಅಂಗಡಿಗೆ ಬರುವಷ್ಟರಲ್ಲಿ ಮೂರು ಕಡೆ ಕೂರುತ್ತಿದ್ದರು. ಆದರೂ ಅವರ ಕೈಯ ಬೂಟೇ ಬೇಕೆಂದು ಕೊಡಗಿನ ಕಾಫಿ ತೋಟದವರು ಮೈಸೂರಿಗೆ ಹೋಗುವಾಗ ನಮ್ಮಲ್ಲಿ ಕಾರು ನಿಲ್ಲಿಸುತ್ತಿದ್ದರು.

ಅವರಲ್ಲೊಬ್ಬರು ಇಂಗ್ಲಿಷ್ ದೊರೆ. ಒಂದು ವರ್ಷ ಅವರ ಸುಳಿವೇ ಇರಲಿಲ್ಲ. ಆಮೇಲೆ ಒಂದು ಬೆಳಗ್ಗೆ ಕೋಲೂರಿಕೊಂಡು ಬಂದರು. ಬೆಂಚಿನ ಮೇಲೆ ಕೂತು ಎಡಗಾಲಿನ ಕಾಲುಚೀಲ ತೆಗೆದರು. ಕಿರುಬೆರಳೂ ಅದರ ಪಕ್ಕದ್ದೂ ಇರಲಿಲ್ಲ.

“ಹಿಮ ತಿಂದುಬಿಟ್ಟಿತು,” ಅಂದರು. ತೋಟದ ಆಳುಗಳಿಂದ ಕಲಿತ ಕನ್ನಡ ಅವರದು. ಹಿರಿಯರು ಕಿರಿಯರು ಎನ್ನದೆ ಎಲ್ಲರಿಗೂ ಏಕವಚನ. “ಮುಂದಿನ ಬೇಸಿಗೆಗೆ ಆ ಹಿಮದ ಬೆಟ್ಟಕ್ಕೆ ಮತ್ತೆ ಹೋಗ್ತೀನಿ. ಹೊಸ ಬೂಟು ಹೊಲಿ.”

ಮೆಟ್ಟು ರಿಪೇರಿಗೆ ಬಂದಿದ್ದ ಹನಗೋಡಿನ ರೈತರೊಬ್ಬರು ಪಕ್ಕದಲ್ಲೇ ಕೂತಿದ್ದರು. “ಅಲ್ಲಾ ಸ್ವಾಮಿ, ಬೆಟ್ಟ ಅಂದ್ಮೇಲೆ ಬೆಟ್ಟ. ಒಸಿ ಎತ್ತರ ಜಾಸ್ತಿ. ನಿಧಾನಕ್ಕೆ ಅತ್ತುದ್ರಾಯ್ತು. ಅದ್ರಲ್ಲೇನು ಅಂತಾ ಕಷ್ಟ?” ಅಂತ ಕೇಳಿದರು.

ದೊರೆ ಸಿಟ್ಟಾಗಲಿಲ್ಲ. “ಎತ್ತರ ಅಲ್ಲ. ಅಲ್ಲಿ ಗಾಳಿ ತೆಳು. ಒಂದು ಹೆಜ್ಜೆ ಇಡೋಕೆ ನಾಲ್ಕು ಸಲ ಉಸಿರು ಎಳೀಬೇಕು. ಎಷ್ಟು ಎಳೆದರೂ ಎದೆ ತುಂಬಲ್ಲ. ನೀರು ಕುದಿಯುತ್ತೆ, ಬೇಳೆ ಬೇಯಲ್ಲ. ಹಸಿವಿಲ್ಲ, ನಿದ್ದೆಯಿಲ್ಲ. ಬುದ್ಧಿ ಮಂಕಾಗುತ್ತೆ. ಕೈಗವಸು ತೆಗೆದವನಿಗೆ ಅದನ್ನ ಮತ್ತೆ ಹಾಕ್ಕೋಬೇಕು ಅಂತಲೇ ನೆನಪಾಗಲ್ಲ.”

ಅಬ್ಬಾರ ಕೈಯಲ್ಲಿದ್ದ ಉಳಿ ನಿಂತಿತು. “ಎಷ್ಟು ಎಳೆದರೂ ಎದೆ ತುಂಬಲ್ಲ,” ಅಂತ ತಮ್ಮಷ್ಟಕ್ಕೇ ಹೇಳಿಕೊಂಡರು. “ಅದು ನನಗೆ ಗೊತ್ತು ಸ್ವಾಮಿ. ಕೂತರೂ ಆಗಲ್ಲ, ಮಲಗಿದರೂ ಆಗಲ್ಲ. ಯಾರೋ ಎದೆ ಮೇಲೆ ಕೂತಂಗೆ.”

“ಅದೇ,” ಅಂದರು ದೊರೆ. ತಮ್ಮ ಕಾಯಿಲೆಯ ಬಗ್ಗೆ ಅಬ್ಬಾ ಅಷ್ಟು ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

ದೊರೆ ಹೇಳಿದ ಪ್ರಕಾರ, ಇನ್ನೂ ಕೆಲವು ಬೆಟ್ಟಗಳು ಅಷ್ಟು ಎತ್ತರವಿಲ್ಲದಿದ್ದರೂ ಯಾರಿಗೂ ದಕ್ಕಿಲ್ಲ. ನಾಲ್ಕೂ ಕಡೆ ಗೋಡೆಯಂತೆ ನಿಂತಿವೆ; ಡೇರೆ ಹಾಕಲು ಒಂದು ಮಂಚದಗಲ ಜಾಗವಿಲ್ಲ. ಹತ್ತಲು ಸಿಗುವುದೂ ಕೆಲವೇ ದಿನ. ಚಳಿಗಾಲದ ಬಿರುಗಾಳಿ ಅಡಗಿರಬೇಕು, ಮುಂಗಾರು ಅಲ್ಲಿಗೆ ತಲಪುವಷ್ಟರಲ್ಲಿ ಇಳಿದಿರಬೇಕು. ಇಲ್ಲಿ ನಾವು ಕಾಯುವ ಮಳೆಯೇ ಅಲ್ಲಿ ಹಿಮವಾಗಿ ಬಿದ್ದು ಜನರ ಮೇಲೆ ಜಾರಿಬರುತ್ತದೆ.

“ಅಂಗನ್ನಿ,” ಅಂದರು ರೈತರು. “ಬಿತ್ನೆ ಇದ್ದಂಗೆ. ಮಣ್ಣಿನ ಅದ ತಪ್ಪುದ್ರೆ ಮುಗೀತು.”

ಬೂಟಿನ ವಿಷಯಕ್ಕೆ ಬಂದಾಗ ಜಗಳವಾಯಿತು. ಜಾರದಿರಲೆಂದು ಬೂಟಿನಡಿಯ ಅಟ್ಟೆಗೆ ಹೊಡೆದ ಮೊಳೆಗಳ ಮೂಲಕವೇ ಚಳಿ ಒಳಗೆ ಬಂತು ಅಂತ ದೊರೆ. ಅಷ್ಟು ದಪ್ಪ ಚರ್ಮ ದಾಟಿ ಚಳಿ ಹೇಗೆ ಬರುತ್ತೆ ಅಂತ ಅಬ್ಬಾ. ದೊರೆ ಹೋದ ಮೇಲೂ ಅವರಿಗೆ ಸಮಾಧಾನವಿಲ್ಲ. ಮಾರನೆಯ ದಿನ ನನ್ನನ್ನು ಮೈಸೂರಿಗೆ ಕಳಿಸಿ ಮಂಜುಗಡ್ಡೆ ತರಿಸಿದರು. ಮರದ ಹೊಟ್ಟು ತುಂಬಿ ಗೋಣಿ ಸುತ್ತಿಸಿದ್ದರೂ ಬಸ್ಸು ಬಿಳಿಕೆರೆ ದಾಟುವಷ್ಟರಲ್ಲಿ ಅರ್ಧ ಕರಗಿ ನನ್ನ ಪಂಚೆಯೆಲ್ಲ ನೆಂದಿತ್ತು.

ಉಳಿದದ್ದನ್ನು ಅಂಗಡಿಯ ಚಪ್ಪಡಿ ಮೇಲಿಟ್ಟೆವು. ಅಬ್ಬಾ ಬರಿಗಾಲಿಗೆ ಮೊಳೆ ಹೊಡೆದ ಬೂಟು ಹಾಕಿ, ನನ್ನ ಭುಜ ಹಿಡಿದು ಅದರ ಮೇಲೆ ನಿಂತರು. ಮೊದಮೊದಲು ಏನೂ ಇಲ್ಲ ಅಂದರು. ಸ್ವಲ್ಪ ಹೊತ್ತಾದ ಮೇಲೆ ಹುಬ್ಬು ಗಂಟಾಯಿತು.

“ಅಟ್ಟೆಗೆಲ್ಲ ಇಲ್ಲ. ಮೊಳೆ ಇರೋ ಕಡೆ ಮಾತ್ರ. ಸೂಜಿಯಲ್ಲಿ ಚುಚ್ಚಿದ ಹಾಗೆ.” ಇಳಿದು ಬೂಟು ಬಿಚ್ಚಿದರು. “ನಲವತ್ತು ವರ್ಷದಿಂದ ಮೊಳೆ ಹೊಡೀತಿದ್ದೀನಿ.”

ಆಮೇಲೆ ಮೂರು ಸಲ ಹೊಲಿದು ಮೂರು ಸಲ ಬಿಚ್ಚಿದೆವು. ಕೊನೆಗೆ ಮೊಳೆಯನ್ನು ಅಂಚಿಗೆ ಮಾತ್ರ, ಒಳ ಅಟ್ಟೆ ಮುಟ್ಟದಂತೆ ಹೊಡೆದು, ಎರಡು ಅಟ್ಟೆಗಳ ನಡುವೆ ಕಂಬಳಿಯ ತುಂಡು ಸೇರಿಸಿದೆವು. ಎರಡು ಜೊತೆ ಕಾಲುಚೀಲ ಹಿಡಿಯಲೆಂದು ಅಳತೆಯನ್ನೂ ಹಿಗ್ಗಿಸಿದೆವು.

ಹಾಕಿ ನೋಡಲು ದೊರೆ ಬಂದ ದಿನ ಅಬ್ಬಾ ಕೇಳಿದರು: “ಹೋದ ಸಲ ಆ ಕಾಲಲ್ಲಿ ಹೆಂಗೆ ಇಳಿದ್ರಿ?”

“ಸಾಮಾನು ಹೊರುವವನೊಬ್ಬ ಬೆನ್ನ ಮೇಲೆ ಹೊತ್ತು ಇಳಿಸಿದ. ಅಲ್ಲಿಯವನೇ.”

“ಅವನ ಕಾಲು?”

ದೊರೆ ಬೀದಿಯ ಕಡೆ ನೋಡಿದರು. “ನನಗಿಂತ ಹೆಚ್ಚು ಹೋಯಿತು.”

“ಅವನಿಗೆ ಎಂಥಾ ಬೂಟು ಕೊಟ್ಟಿದ್ರಿ?”

“ಬಜಾರಲ್ಲಿ ಸಿಕ್ಕಿದ್ದು.”

ಅಬ್ಬಾ ಹೊಸ ಬೂಟನ್ನು ಎತ್ತಿ ತಮ್ಮ ಪಕ್ಕದಲ್ಲಿಟ್ಟುಕೊಂಡರು. “ಅವನ ಕಾಲಿನ ಅಳತೆ ತರಿಸಿ. ಎರಡು ಜೊತೆಯನ್ನೂ ಒಟ್ಟಿಗೆ ಕೊಡ್ತೀನಿ.”

ಆ ಕಾಲದಲ್ಲಿ ದೊರೆಯ ಮುಂದೆ ಹಾಗೆ ಮಾತಾಡುವವರು ಯಾರು? ದೊರೆ ಎದ್ದುಹೋಗಿ ಕಾರು ಹತ್ತಿದರು. ಇಂಥ ಗಿರಾಕಿ ಕೈಬಿಟ್ಟು ಹೋಯಿತೆಂದು ನಾನು ಒಂದು ವಾರ ಅಬ್ಬಾರೊಡನೆ ಸರಿಯಾಗಿ ಮಾತಾಡಲಿಲ್ಲ. ಎರಡು ತಿಂಗಳ ಮೇಲೆ ತೋಟದಿಂದ ಟಪಾಲು ಬಂತು. ಒಳಗೆ ಕಂದು ಕಾಗದದ ಮೇಲೆ ಸೀಸದಕಡ್ಡಿಯಲ್ಲಿ ಬರೆದ ಎರಡು ಪಾದ. ಬಲಗಾಲಿಗೆ ಎರಡೇ ಬೆರಳು. ಬೆರಳಿಲ್ಲದ ಕಡೆ ತುಂಬುವ ಉಣ್ಣೆಯ ಮೆತ್ತೆಯನ್ನು ಅಬ್ಬಾ ತಾವೇ ಕೂತು ಹೊಲಿದರು, ನನ್ನನ್ನು ಮುಟ್ಟಗೊಡಲಿಲ್ಲ.

ಎರಡು ಜೊತೆಯೂ ಒಟ್ಟಿಗೆ ತೋಟಕ್ಕೆ ಹೋದವು. ಮಳೆಗಾಲ ಕಳೆದ ಮೇಲೆ ದೊರೆ ಮತ್ತೆ ಬಂದರು. ಮೈ ಇಳಿದುಹೋಗಿತ್ತು, ಆದರೆ ಕೋಲಿರಲಿಲ್ಲ.

“ತುದಿ ಮುಟ್ಟಲಿಲ್ಲ,” ಅಂದರು. “ಕಣ್ಣಿಗೆ ಕಾಣ್ತಿತ್ತು. ಇಲ್ಲಿಂದ ಹೊಳೆ ಸೇತುವೆಯಷ್ಟು ದೂರ. ಆಗಲೇ ಮಧ್ಯಾಹ್ನ ಆಗಿತ್ತು, ಗಾಳಿ ಎದ್ದಿತ್ತು. ಹೋದ ಸಲ ನನ್ನ ಹೊತ್ತವನೇ ಬೇಡ ಅಂದ. ತಿರುಗಿದೆವು.”

“ಬೆರಳು?”

“ಇದ್ದವೆಲ್ಲ ಇವೆ. ಅವನವೂ.”

ಅಷ್ಟು ಹತ್ತಿರ ಹೋಗಿ ತಿರುಗಿದರಲ್ಲ ಅಂತ ನನಗೆ ಬೇಜಾರಾಯಿತು. ಅದನ್ನೇ ಹೇಳಿಯೂಬಿಟ್ಟೆ.

“ಹೋದ ಸಲವೂ ಅವನು ಬೇಡ ಅಂದಿದ್ದ,” ಅಂದರು ದೊರೆ. “ನಾನು ಕೇಳಲಿಲ್ಲ.” ಅಬ್ಬಾರ ಕಡೆ ತಿರುಗಿ, “ಅವನ ಬೂಟಿನ ಬಗ್ಗೆ ನೀವು ಕೇಳಿದ ಪ್ರಶ್ನೆ ದಾರಿಯುದ್ದಕ್ಕೂ ನೆನಪಿತ್ತು,” ಅಂದರು.

ಅವರು ಮೊದಲ ಸಲ ‘ನೀವು’ ಅಂದದ್ದು ಅಬ್ಬಾರಿಗೆ ಕೇಳಿಸಿತೋ ಇಲ್ಲವೋ. ಬೂಟು ತಿರುಗಿಸಿ, ಹಿಮ್ಮಡಿ ಒಂದೇ ಕಡೆ ಸವೆದಿದೆ, ಇಳಿಯುವಾಗ ಎಡಗಾಲಿನ ಮೇಲೆ ಭಾರ ಹಾಕಿದ್ದೀರಿ, ಅಂತ ತೋರಿಸುತ್ತಿದ್ದರು. ನಾನು ಚಹಾ ತರಲು ಎದ್ದೆ.