ಇಂಜಿನ್ನಿಗೆ ಹೆರಿಗೆ ಮಾಡಿಸಿದ ಕಾಕು

ಯಾವ ಕೆಲಸಕ್ಕೇ ಕೈಹಾಕಲಿ, ಕಾಕು ಮೊದಲು ತಮ್ಮ ಹಸಿರು ಬಳೆಗಳನ್ನೆಲ್ಲ ಮೊಣಕೈವರೆಗೆ ಏರಿಸಿ, ಜಾರದಂತೆ ಒಂದು ರಬ್ಬರ್ ಬ್ಯಾಂಡ್ ಹಾಕಿಕೊಳ್ಳುತ್ತಿದ್ದರು. ಆ ಕೈಗಳೋ ಒನಕೆಯಷ್ಟು ಗಟ್ಟಿ. ಬಳೆಗಳ ಸದ್ದು ಥಟ್ಟನೆ ನಿಂತಿತೆಂದರೆ ಮಹಡಿಯ ಮೇಲಿದ್ದ ನನಗೆ ಎದೆ ಡವಡವ ಅನ್ನುತ್ತಿತ್ತು. ಕೆಳಗೆ ಯಾರಿಗೋ ಗ್ರಹಚಾರ ಕಾದಿದೆ ಎಂದೇ ಅರ್ಥ. ಅದು ಹಾಲಿನವನಾಗಿರಬಹುದು, ಕಟ್ಟಿಕೊಂಡ ಮೋರಿಯಾಗಿರಬಹುದು, ನಾನೂ ಆಗಿರಬಹುದು.

ದಿಲ್‌ಸುಖ್‌ನಗರದ ಹಿಂದಿನ ಕಾಲೊನಿಯೊಂದರಲ್ಲಿ ಅವರು ನನ್ನ ಮನೆ ಮಾಲಕಿ. ಮೂಲ ರಾಯಚೂರು ಕಡೆ. ಒಂದು ಸರ್ಕಾರಿ ಕಾರ್ಖಾನೆಯ ಆಸ್ಪತ್ರೆಯಲ್ಲಿ ಹೆರಿಗೆ ವಾರ್ಡಿನ ನರ್ಸಾಗಿದ್ದು ನಿವೃತ್ತರಾದವರು. ಅವರ ಯಜಮಾನರು ಅದೇ ಕಾರ್ಖಾನೆಯ ಅಂಗಳದಲ್ಲಿ ಮಣ್ಣು, ಸರಕು ಎತ್ತಿ ಸುರಿಯುವ ಲೋಡರ್ ಓಡಿಸುತ್ತಿದ್ದರು. ನಾನು ಮದುವೆಯಾದ ಹೊಸದರಲ್ಲಿ ಮೈಸೂರಿನಿಂದ ಬಂದು ಅವರ ಮಹಡಿ ಸೇರಿದವಳು. ಮೊದಲ ದಿನ ಭಯಭಕ್ತಿಯಿಂದ "ಆಂಟಿ" ಅಂದೆ. "ಆಂಟಿ ಅಂತ ಕರದ್ರ ನಲ್ಲಿ ನೀರು ಬಿಡಂಗಿಲ್ಲ ನೋಡು. ಕಾಕು ಅನ್ನು," ಎಂದರು. ಅವರ ಕಡೆ ಚಿಕ್ಕಮ್ಮನಿಗೆ ಹಾಗೆನ್ನುತ್ತಾರಂತೆ. ಅಂದಿನಿಂದ ಅವರು ಕಾಕು, ಯಜಮಾನರು ಕಾಕಾ.

ಹೆರಿಗೆ ವಾರ್ಡಿನಲ್ಲಿ ಕಾಕುವಿನದೊಂದು ಸ್ವಂತ ಪದ್ಧತಿ ಇತ್ತಂತೆ. ನೋವು ತಿಂದು ತಿಂದು ಸುಸ್ತಾದ ಹೆಂಗಸು "ನನ್ನ ಕೈಲಾಗಲ್ಲ" ಎಂದು ಕೈಚೆಲ್ಲಿದಾಗ ಉಳಿದ ನರ್ಸುಗಳು ತಲೆ ಸವರಿ ಸಮಾಧಾನ ಹೇಳುತ್ತಿದ್ದರೆ, ಕಾಕು ಹೋಗಿ ಅವಳ ತವರನ್ನು ಹಂಗಿಸುತ್ತಿದ್ದರು. "ನಿಮ್ಮೂರ ಹೆಣ್ಮಕ್ಕಳ ಹಣೇಬರಾನ ಇಷ್ಟ. ಉಣ್ಣಾಕ ಮುಂದ, ನೂಕಾಕ ಹಿಂದ." ತವರಿನ ಮಾತು ಬಂದ ಮೇಲೆ ಯಾವ ಹೆಂಗಸು ಸುಮ್ಮನಿರುತ್ತಾಳೆ? ಅವಳು ಹಲ್ಲು ಕಡಿದು ಕಾಕುವನ್ನು ಬೈಯುವಷ್ಟರಲ್ಲಿ ಮಗು ಹೊರಗೆ. "ಸಮಾಧಾನ ಮಾಡಿದ್ರ ಮಂದಿ ಮಕ್ಕೋತಾರ. ಸಿಟ್ಟು ಬರಿಸಿದ್ರ ಎದ್ದು ಕೂಡ್ತಾರ," ಎನ್ನುವುದು ಅವರ ಸಿದ್ಧಾಂತ.

ಅದರ ರುಚಿ ನನಗೂ ಸಿಕ್ಕಿದೆ. ಬೇಗಂಪೇಟೆಯ ಒಂದು ಆಫೀಸಿನ ಸಂದರ್ಶನದಲ್ಲಿ ತೊದಲಿ, ಸೋತು ಬಂದು, ಇನ್ನು ಕೆಲಸವೇ ಬೇಡವೆಂದು ಮುಸುಕು ಹಾಕಿ ಮಲಗಿದ್ದೆ. ಕಾಕು ಮೇಲೆ ಬಂದು ನನ್ನ ಸಾರಿನ ಪಾತ್ರೆಯ ಮುಚ್ಚಳ ತೆಗೆದು ಮೂಸಿದರು. "ಸಾರಿಗೆ ಬೆಲ್ಲ ಹಾಕೋ ಮಂದಿ. ಕೂಗಿ ಆಟೋ ನಿಲ್ಲಸಾಕ ಬರಂಗಿಲ್ಲ, ನೌಕ್ರಿ ಯಾರು ಕೊಡ್ತಾರ ಬಿಡು," ಎಂದು ಹೋಗಿಬಿಟ್ಟರು. ನನ್ನನ್ನು ಅಂದಿದ್ದರೆ ಸಹಿಸುತ್ತಿದ್ದೆನೇನೋ, ಸಾರನ್ನು ಅಂದರು! ಉರಿದುಕೊಂಡು ಮರುದಿನವೇ ಇನ್ನೊಂದು ಆಫೀಸಿಗೆ ಹೋಗಿ, ಆ ಉರಿಯಲ್ಲೇ ಎಲ್ಲ ಪ್ರಶ್ನೆಗೂ ಪಟಪಟನೆ ಉತ್ತರಿಸಿ ಕೆಲಸ ಗಿಟ್ಟಿಸಿಕೊಂಡೆ. ಇಂದಿಗೂ ನಾನು ಉಣ್ಣುತ್ತಿರುವ ಅನ್ನ ಅದೇ ಕೆಲಸದ್ದು.

ಆದರೆ ಅವರ ಈ ವಿದ್ಯೆ ನಡೆಯದೇ ಹೋದದ್ದು ಸ್ವಂತ ಗಂಡನ ಮೇಲೆ. ಕಾಕಾ ನಿವೃತ್ತರಾದವರೇ ವರಾಂಡದ ಬೆತ್ತದ ಕುರ್ಚಿಯಲ್ಲಿ ಕೂತರು. ಕೂತವರು ಏಳಲಿಲ್ಲ. ಗಡ್ಡ ಬಿಟ್ಟರು, ಮಾತು ಬಿಟ್ಟರು, ಊಟಕ್ಕೆ ಕರೆದರೆ "ಹೂಂ", ಬೇಕಾ ಎಂದರೂ "ಹೂಂ", ಬೇಡವಾ ಎಂದರೂ "ಹೂಂ". ಕಾಕು ಅವರ ಊರನ್ನು ಹಂಗಿಸಿದರು, ಅವರ ತಾಯಿ ಮಾಡುತ್ತಿದ್ದ ರೊಟ್ಟಿಯನ್ನು ಹಂಗಿಸಿದರು. ಮನುಷ್ಯ ಜಪ್ಪಯ್ಯ ಅನ್ನಲಿಲ್ಲ. ಒಂದು ದಿನ ಮೆಣಸಿನಕಾಯಿಯ ತೊಟ್ಟು ತೆಗೆಯುತ್ತ ಕೂತಿದ್ದ ಕಾಕು ತಟ್ಟನೆ, "ಇವ್ರು ಕುಂತಲ್ಲೇ ಆರಿ ಹೋಗಾಕತ್ತಾರ ತಂಗಿ. ನಂಗ ಭಾಳ ಅಂಜಿಕಿ ಆಗೈತಿ," ಎಂದರು. ಅವರ ಬಾಯಲ್ಲಿ ಅಂಜಿಕೆ ಎಂಬ ಶಬ್ದ ಕೇಳಿದ್ದು ಅದೇ ಮೊದಲು.

ಮರುವಾರ ಮನೆಯ ಮುಂದೆ ಲಾರಿಯೊಂದು ನಿಂತು, ತುಕ್ಕು ಹಿಡಿದ ಲೋಡರನ್ನು ಇಳಿಸಿ ಹೋಯಿತು. ಕಾಕು ಅದನ್ನು ಗುಜರಿಯವನಿಂದ ಕೊಂಡು ತಂದಿದ್ದರು. ನಾಲ್ಕು ಗಿಡ್ಡ ಚಕ್ರ, ಎರಡು ಕಬ್ಬಿಣದ ತೋಳು, ಮುಂದೊಂದು ಬಕೆಟ್ಟು. ನಿಂತ ಜಾಗದಲ್ಲೇ ಗಿರ್ರನೆ ತಿರುಗುವ ಜಾತಿಯದು, ಕಾಕಾ ಕಾರ್ಖಾನೆಯಲ್ಲಿ ಓಡಿಸುತ್ತಿದ್ದ ಗಾಡಿಯ ಖಾಸಾ ತಮ್ಮ. ಕಾಕಾ ಒಂದು ಕಣ್ಣು ತೆರೆದು ನೋಡಿದರು. "ಸತ್ತೈತಿ," ಎಂದು ಆ ಕಣ್ಣನ್ನೂ ಮುಚ್ಚಿಕೊಂಡರು.

"ಮಾತಾಡಿದ್ರು ನೋಡು!" ಎಂದು ಕಾಕು ನನ್ನ ತೋಳು ಹಿಂಡಿದ್ದಕ್ಕೆ ಎರಡು ದಿನ ನೋವಿತ್ತು.

ಇಂಜಿನ್ನು ಜಾಮ್ ಆಗಿತ್ತು. ಅದನ್ನು ಹೊರಗೆ ತೆಗೆಯದೆ ಗಾಡಿಗೆ ಜೀವ ಬರುವಂತಿರಲಿಲ್ಲ. ಕಾಕಾ ಏಳಲೊಲ್ಲರು. ಸರಿ, ಒಂದು ಭಾನುವಾರ ಕಾಕು ತಾವೇ ಬಳೆ ಏರಿಸಿದರು. ಒಬ್ಬ ಮಿಸ್ತ್ರಿಯನ್ನು ಕರೆಸಿ, ಲೋಡರಿನ ಹಿಂಭಾಗ ನಡುವೆ ಬರುವಂತೆ ನೆಲಕ್ಕೆ ಎತ್ತರದ ಕಬ್ಬಿಣದ ಮುಕ್ಕಾಲಿ ಊರಿಸಿ, ಅದಕ್ಕೆ ಭಾರ ಎತ್ತುವ ಚೈನ್ ಪುಲ್ಲಿ ಕಟ್ಟಿಸಿದರು. ಇದೆಲ್ಲ ನಡೆದದ್ದು ಕಾಕಾನ ಕುರ್ಚಿಯ ಕಣ್ಣೆದುರಿಗೇ. ಅಡುಗೆಮನೆಯಿಂದ ಬಿಸಿನೀರಿನ ಪಾತ್ರೆಯೂ ಬಂತು. ಅದೇಕೆಂದು ಕೇಳುವ ಧೈರ್ಯ ಯಾರಿಗೂ ಇರಲಿಲ್ಲ.

ಈ ಗಾಡಿಯ ಇಂಜಿನ್ನು ಸೀಟಿನ ಬೆನ್ನ ಹಿಂದೆ, ಇಕ್ಕಟ್ಟಾದ ಗೂಡಿನಲ್ಲಿ ಕೂತಿರುತ್ತದೆ. ಕಾಕು ಬಗ್ಗಿ ನೋಡಿ, "ಮಗ್ಗಲಾಗೈತಿ. ತಲಿ ಮೊದಲ ಬರಬೇಕು," ಎಂದು ತೀರ್ಪು ಕೊಟ್ಟರು. ಡೀಸೆಲ್ ಪೈಪನ್ನು ಹೊಕ್ಕುಳಬಳ್ಳಿ ಎಂದು ಕರೆದು, "ಎರಡೂ ಕಡಿ ಕಟ್ಟಿ ಆಮ್ಯಾಲ ಬಿಡಸು," ಎಂದರು.

"ಅರೇ ಅಮ್ಮಾ, ಏ ಇಂಜನ್ ಹೈ, ಬಚ್ಚಾ ನಹೀ!" ಎಂದು ಮಿಸ್ತ್ರಿ ಹಣೆ ಚಚ್ಚಿಕೊಂಡ.

ಬಿಚ್ಚಿದ ಬೋಲ್ಟುಗಳನ್ನೆಲ್ಲ, ದೊಡ್ಡದು ಸಣ್ಣದು ನೋಡದೆ, ಕಾಕು ಒಂದೇ ಬೋಗುಣಿಗೆ ಹಾಕಿ ಕಡಲೆಯಂತೆ ಕಲಸಿದರು. ಕುರ್ಚಿ ಕಿರ್ರೆಂದಿತು. ವೈರುಗಳಿಗೆ ಗುರುತು ಹಾಕದೆ ಕಿತ್ತಿಸಿದರು. ಕಾಕಾನ ಕಾಲ ಹೆಬ್ಬೆರಳು ಕುಣಿಯತೊಡಗಿತು. ಸ್ಪಾನರನ್ನು ತಲೆಕೆಳಗಾಗಿ ಹಿಡಿದು ಕಬ್ಬಿಣಕ್ಕೆ ನಾಲ್ಕು ಬಾರಿಸಿದರು. ಕಾಕಾ ಮುಖ ಆಚೆ ತಿರುಗಿಸಿಕೊಂಡರು, ಆದರೆ ಕಣ್ಣು ಮಾತ್ರ ಇತ್ತಲೇ ಇತ್ತು.

"ಎಳಿ!" ಎಂದರು ಕಾಕು.

ಮಿಸ್ತ್ರಿ ಚೈನು ಎಳೆದ. ಇಂಜಿನ್ನು ಗೂಡು ಬಿಟ್ಟು ಬರಲಿಲ್ಲ. ಬದಲಿಗೆ ಲೋಡರಿಗೆ ಲೋಡರೇ ಹಿಂಗಾಲು ಎತ್ತಿ, ಒದೆಯಲು ಹೊರಟ ಕತ್ತೆಯಂತೆ ನಿಂತಿತು. ಮುಕ್ಕಾಲಿ ಗರಗರ ಅಂದಿತು. ನಾನು ಗೇಟಿನ ಆಚೆ ಹಾರಿದ್ದೆ.

"ಏ, ನಿಲ್ಲಸ್ರಲೇ!" ಎಂಬ ಕೂಗಿಗೆ ಕಾಲೊನಿಯ ಕಿಟಕಿಗಳೆಲ್ಲ ತೆರೆದವು. ಕಾಕಾ ಎದ್ದು ನಿಂತಿದ್ದರು. ಬೆತ್ತದ ಕುರ್ಚಿ ಮಗುಚಿ ಬಿದ್ದಿತ್ತು. "ಎಡಗಡೆ ಹಿಂದಿನ ಬೋಲ್ಟ್ ಇನ್ನಾ ಹಂಗ ಐತಿ! ಇಂಜಿನ್ ತಗ್ಯಾಕತ್ತೀರೋ, ಗಾಡಿನ ಗಲ್ಲಿಗೆ ಹಾಕಾಕತ್ತೀರೋ?"

"ಊರ ಮಂದಿಗೆಲ್ಲ ಹೆರಿಗಿ ಮಾಡಿಸೀನಿ, ನಂಗ ಕಲಸಾಕ ಬಂದ್ರಿ," ಎಂದರು ಕಾಕು ಸೊಂಟಕ್ಕೆ ಕೈಕೊಟ್ಟು.

"ಕೂಸಿಗೆ ಬೋಲ್ಟ್ ಇರಂಗಿಲ್ಲಲೇ, ಹುಚ್ಚಿ! ಸರಿ ಅತ್ತಾಗ!"

ಕಾಕಾ ಲುಂಗಿ ಎತ್ತಿಕಟ್ಟಿ, ಗಾಡಿಯನ್ನು ಕೆಳಗಿಳಿಸಿ, ಗೂಡಿನೊಳಗೆ ಸೊಂಟದವರೆಗೆ ತೂರಿಕೊಂಡರು. ಒಳಗಿನಿಂದ ಬೈಗುಳ ಧಾರಾಕಾರವಾಗಿ ಹರಿಯಿತು. ಕನ್ನಡ ಮುಗಿದ ಮೇಲೆ ತೆಲುಗು, ತೆಲುಗು ಮುಗಿದ ಮೇಲೆ ಹಿಂದಿ. ಅಷ್ಟು ತಿಂಗಳ ಮಾತನ್ನೆಲ್ಲ ಆ ಮನುಷ್ಯ ಎಲ್ಲಿ ಬಚ್ಚಿಟ್ಟಿದ್ದರೋ! ಮಧ್ಯಾಹ್ನದ ಹೊತ್ತಿಗೆ ಇಂಜಿನ್ನು ಒಂದಿಷ್ಟೂ ತಾಕದೆ ಹೊರಬಂದು ಗಾಳಿಯಲ್ಲಿ ತೂಗಾಡಿತು. ಮಿಸ್ತ್ರಿ ನನ್ನ ಹತ್ತಿರ ಬಂದು ಪಿಸುಗುಟ್ಟಿದ: ಆ ಬೋಲ್ಟನ್ನು ಬಿಡಲು ಹೇಳಿದವರು ಅಮ್ಮನೇ, ತನ್ನ ಹೆಸರು ಕೆಡಬಾರದು, ಎಲ್ಲರಿಗೂ ಹೇಳಿಬಿಡಿ ಎಂದು.

ಕಾಕು ಬಿಸಿನೀರಿನಲ್ಲಿ ಸಾವಕಾಶವಾಗಿ ಕೈ ತೊಳೆಯುತ್ತಿದ್ದರು. ಮಸಿ ಮೆತ್ತಿಕೊಂಡು ಅರಚುತ್ತಿದ್ದ ಗಂಡನ ಕಡೆ ಗದ್ದದಿಂದಲೇ ಸನ್ನೆ ಮಾಡಿ, "ಹೆರಿಗಿ ಆತು ತಂಗಿ. ಗಂಡು," ಎಂದರು. ಕಣ್ಣು ತುಂಬಿತ್ತು.

ಆಮೇಲಿನದು ಕಾಕುವಿನ ಪಾಡು. ಕಾಕಾ ಇಂಜಿನ್ನನ್ನು ವರಾಂಡದಲ್ಲಿಟ್ಟು ಒಂದೊಂದೇ ಭಾಗ ಬಿಚ್ಚಿ, ಉಜ್ಜಿ, ಅದರ ಗುಣಗಾನ ಮಾಡುತ್ತಿದ್ದರು. ಅಡುಗೆಮನೆಯ ಒಳ್ಳೆಯ ತಟ್ಟೆಗಳೆಲ್ಲ ಡೀಸೆಲ್ಲಿನ ಪಾಲಾದವು. "ಬಾಯಿ ಬಿಡಸಾಕ ಇಷ್ಟು ಒದ್ದಾಡಿದೆ. ಮುಚ್ಚಸಾಕ ಏನರ ಔಷಧ ಐತೇನು ಕೋಠಿ ಔಷಧದಂಗಡ್ಯಾಗ, ಕೇಳ್ಕೊಂಡು ಬಾ," ಎಂದು ಕಾಕು ನನಗೆ ಹೇಳುತ್ತಿದ್ದರು. ಲೋಡರು ಕೊನೆಗೆ ಒಂದು ಬೆಳಿಗ್ಗೆ ಶುರುವಾದಾಗ ಅದರ ಮೊದಲ ಹೊಗೆ ನೆಟ್ಟಗೆ ಮೇಲೆ ಬಂದು ನನ್ನ ಬಿಳಿ ಪರದೆಗಳನ್ನು ಕಪ್ಪು ಮಾಡಿತು. ಕಾಕು ಕೆಳಗೆ ನಿಂತು ಕೈತಟ್ಟಿ ನಗುತ್ತಿದ್ದರು. ನಾನು ಪರದೆಗಾಗಿ ಜಗಳಕ್ಕಿಳಿದವಳು ಅವರನ್ನು ನೋಡಿ ನಕ್ಕುಬಿಟ್ಟೆ.

ಕಾಕು ಹೋದದ್ದು ತೀರಾ ಅಚಾನಕ್ಕಾಗಿ. ಸಂಜೆ ಚಹಾ ಕುಡಿದು ಎದೆ ಹಿಡಿದುಕೊಂಡವರು ಆಸ್ಪತ್ರೆ ಮುಟ್ಟಲಿಲ್ಲ. ಆ ವಾರ ಓಣಿಯಲ್ಲಿ ಒಳಚರಂಡಿಯ ಪೈಪಿಗಾಗಿ ಅಗೆದು, ಮಣ್ಣನ್ನು ಗೇಟಿನ ಮುಂದೆಯೇ ಗುಡ್ಡೆ ಹಾಕಿದ್ದರು. ಬೆಳಿಗ್ಗೆ ಬಂದ ಶವದ ಗಾಡಿ ಓಣಿಯ ಬಾಯಲ್ಲೇ ನಿಂತಿತು. ಅಲ್ಲಿಯವರೆಗೆ ಹೊತ್ತೇ ಒಯ್ಯೋಣ ಎಂದು ಗಂಡಸರು ಮಾತಾಡಿಕೊಂಡರು. ಕಾಕಾ ರಾತ್ರಿಯಿಂದ ಒಂದು ಮಾತೂ ಆಡಿರಲಿಲ್ಲ. ಇನ್ನು ಇವರು ಮತ್ತೆ ಕೂತೇಬಿಡುತ್ತಾರೆ, ಎಬ್ಬಿಸುವವರೂ ಇಲ್ಲ ಎಂದುಕೊಂಡು ನನಗೆ ದುಃಖ ಒತ್ತರಿಸಿ ಬಂತು.

ಕಾಕಾ ಎದ್ದರು. ಬರಿಗಾಲಲ್ಲಿ ಹೋಗಿ ಲೋಡರು ಹತ್ತಿದರು. ಅಳುತ್ತಿದ್ದ ಹೆಂಗಸರು ಇಂಜಿನ್ನಿನ ಸದ್ದಿಗೆ ಅಳು ನಿಲ್ಲಿಸಿ ನೋಡಿದರು. ಅವರು ಗುಡ್ಡೆಯ ಮಣ್ಣನ್ನು ಬಕೆಟ್ಟಿನಲ್ಲಿ ತುಂಬಿ ತುಂಬಿ ತಗ್ಗಿಗೆ ಸುರಿದು, ಓಣಿಯುದ್ದಕ್ಕೂ ಹಾದಿ ಮಾಡಿದರು. ಅಷ್ಟು ಸಾಲದೆಂದು ತಿರುಗಿಸಿಕೊಂಡು ಬಂದು, ಬಕೆಟ್ಟನ್ನು ಮಣ್ಣಿನ ಮೇಲೆ ಚಪ್ಪಟೆಯಾಗಿ ಊರಿ ಇನ್ನೊಮ್ಮೆ ನೆಲ ಸಮ ಮಾಡತೊಡಗಿದರು. ಹೊತ್ತಾಗುತ್ತಿತ್ತು. ಯಾರೋ ಹಿರಿಯರು ಹತ್ತಿರ ಹೋಗಿ, ಸಾಕು ಬಿಡ್ರಿ, ಇಷ್ಟಾದರೆ ಗಾಡಿ ಬರುತ್ತದೆ ಎಂದರು.

"ಕುಲುಕಿದ್ರ ಬೈತಾಳ್ರಿ ಆಕಿ," ಎಂದರು ಕಾಕಾ, ನೆಲದಿಂದ ಕಣ್ಣು ಕೀಳದೆ.