ಗೊಲ್ಲಾಳಪ್ಪ ಕೆಡಿಸದ ಬಣ್ಣ

ಗೋಳಗುಮ್ಮಟದ ಹಿಂದಿನ ಓಣಿಯಲ್ಲಿರುವ ನಮ್ಮ ಪಶು ಪ್ರಯೋಗಾಲಯದಲ್ಲಿ ಗೊಲ್ಲಾಳಪ್ಪ ಇಪ್ಪತ್ತೆರಡು ವರ್ಷ ಗಾಜಿನ ಪಟ್ಟಿಗಳಿಗೆ ಬಣ್ಣ ಹಾಕಿದವ. ಸತ್ತ ಕುರಿ, ದನಗಳ ಕರುಳಿನ ತುಂಡನ್ನು ಮೇಣದಲ್ಲಿ ಕೂಡಿಸಿ, ಉಳ್ಳಾಗಡ್ಡಿ ಸಿಪ್ಪೆಗಿಂತ ತೆಳ್ಳಗೆ ಕೊಯ್ದು, ಗಾಜಿನ ಪಟ್ಟಿಗೆ ಅಂಟಿಸಿ ಬಣ್ಣದಲ್ಲಿ ಅದ್ದುತ್ತಿದ್ದ. ಕರುಳಿನ ಒಳಮೈಗೆ ಸಕ್ಕರೆಯ ಜಾತಿಯ ವಸ್ತುಗಳಿಂದಾದ ಲೋಳೆ ಇರುತ್ತದೆ. ಇವನು ಅದ್ದಿದರೆ ಆ ಲೋಳೆ ಒಂದು ಕಡೆ ಕಡುಗೆಂಪು, ಇನ್ನೊಂದು ಕಡೆ ನೀಲಿ. ಅದು ಎಲ್ಲಿ ಹಾಳಾಗಿದೆ ಎಂದು ಸೂಕ್ಷ್ಮದರ್ಶಕದಲ್ಲಿ ನೋಡಿ ಡಾಕ್ಟರ್ ರೋಗ ಅಂದಾಜು ಮಾಡುತ್ತಿದ್ದರು. ಬಾಯಿದ್ದವ ಬರಗಾಲದಲ್ಲೂ ಬದುಕಿದ ಅನ್ನುತ್ತಾರೆ. ಇವನಿಗೆ ಇದ್ದದ್ದು ಕೈಯಷ್ಟೇ. ಅದಕ್ಕೇ ನನಗೆ ಅವನ ಮೇಲೆ ಇವತ್ತಿಗೂ ಸಿಟ್ಟು.

ಹೋದ ವರ್ಷ ಮುಂಗಾರಿನ ಹೊತ್ತಿಗೆ, ಕನಮಡಿಯಲ್ಲಿರುವ ಅವನ ತಂಗಿ ಗುರುಬಾಯಿಯ ಕುರಿಗಳು ಭೇದಿ ಹತ್ತಿ ಸಾಯತೊಡಗಿದವು. ಗಂಡ ತೀರಿದ ಮೇಲೆ ಆ ಮೂವತ್ತು ಕುರಿಗಳೇ ಅವಳ ಬದುಕು. ಇವನು ತುಂಡು ಕೆಡದಂತೆ ಕಾಯುವ ಔಷಧದ ನೀರು ತುಂಬಿದ ಬಾಟಲಿ ಕಳಿಸಿ, ಸತ್ತದ್ದರ ಕರುಳಿನ ತುಂಡನ್ನು ಬಸ್ಸಿನಲ್ಲಿ ತರಿಸಿಕೊಂಡ. ನಾಲ್ಕು ದಿನದ ಮೇಲೆ ಪಟ್ಟಿ ನೋಡಿದ ಡಾಕ್ಟರ್, "ಒಳಪದರನ ಇಲ್ಲಲ್ರೀ! ಯಾರೋ ತಿಕ್ಕಿ ತೊಳದಾರ," ಎಂದರು.

ಯಾರು ತೊಳೆಯುತ್ತಾರೆ, ಅವಳೇ. ಹುಡುಗಿಯಾಗಿದ್ದಾಗಿನಿಂದ ಅಡುಗೆಗೆಂದು ಕುರಿಯ ಕರುಳನ್ನು ಒಳಹೊರಗು ಮಾಡಿ, ಉಪ್ಪು ಹಚ್ಚಿ ತಿಕ್ಕಿದ ಕೈ ಅದು. ದವಾಖಾನೆಗೆ ಹೊಲಸು ಕಳಿಸುವುದುಂಟೇ?

ಇನ್ನೂ ಹದಿನಾಲ್ಕು ಕುರಿ ಜೀವಂತ ಇದ್ದವು. "ತೊಳೀಬ್ಯಾಡ ಅಂತ ಬಾಯಿಬಿಟ್ಟು ಹೇಳೋ ಯಪ್ಪಾ," ಎಂದೆ. ಫೋನಿನಲ್ಲಿ ಅಳುತ್ತಿದ್ದ ತಂಗಿಗೆ ತಪ್ಪು ನಿನ್ನದು ಅನ್ನಲು ಅವನಿಗೆ ನಾಲಿಗೆ ಏಳಲಿಲ್ಲ. "ಇನ್ನೊಂದು ತುಂಡ ಕಳಸವಾ," ಎಂದಷ್ಟೇ ಹೇಳಿ ಇಟ್ಟುಬಿಟ್ಟ. ಮೊದಲಿನದು ಹೊಲಸಿತ್ತೇನೋ ಎಂದುಕೊಂಡು, ಪಾಪ, ಅವಳು ಈ ಸಲ ಮೂರು ನೀರಿನಲ್ಲಿ ತೊಳೆದು ಕಳಿಸಿದಳು. ಆ ಪಟ್ಟಿಯಲ್ಲೂ ಏನೂ ಕಾಣಲಿಲ್ಲ, ರೋಗ ತಿಳಿಯದೆ ಮದ್ದು ಕೊಡಲೂ ಆಗಲಿಲ್ಲ. ಅಷ್ಟರಲ್ಲಿ ಕುರಿಗಳೆಲ್ಲ ಸತ್ತಿದ್ದವು.

ಗುರುಬಾಯಿ ತಿಕೋಟಾ ಮೇಲೆ ಬಸ್ಸು ಹಿಡಿದು ಬಂದು ನಮ್ಮ ಬಾಗಿಲಲ್ಲಿ ನಿಂತಳು.

"ಎರಡ ಸಲ ಕಳಿಸೇನಿ ಯಣ್ಣಾ. ಏನಾತು?"

ನಾನು ಬಾಯಿ ತೆರೆದೆ. ಗೊಲ್ಲಾಳಪ್ಪ ನನ್ನ ಕೈ ಹಿಡಿದು ಜೋರಾಗಿ ಒತ್ತಿದ.

"ಬಣ್ಣಾ ನಾನ ಕೆಡಿಸೇನಿ, ತಂಗೀ. ನಿಂದೇನೂ ತಪ್ಪಿಲ್ಲ."

"ಇಪ್ಪತ್ತೆರಡ ವರ್ಷ ಇದನ್ನ ಕಲತಿಯೇನೋ? ನನ್ನ ಬಾಳೇವಕ್ಕ ಬೆಂಕಿ ಹಚ್ಚಿದೆಲ್ಲೋ!" ಎಂದು ಅವಳು ಎದೆ ಬಡಿದುಕೊಂಡಳು.

ನಾಗರ ಪಂಚಮಿಗೆ ಅವಳನ್ನು ಬಬಲೇಶ್ವರದ ತವರಿಗೆ ಕರೆಯಲು ಇವನು ಸೀರೆ, ಉಂಡಿ ಹಿಡಿದು ಕನಮಡಿಗೆ ಹೋದ. "ನನಗ ಅಣ್ಣ ಇಲ್ಲ," ಎಂದು ಅವಳು ಓಣಿಯವರ ಮುಂದೆಯೇ ಬಾಗಿಲು ಹಾಕಿಕೊಂಡಳು.

ನನಗೆ ತಡೆಯಲಾಗಲಿಲ್ಲ. "ಈಗರ ಖರೇ ಹೇಳೋ ಮೂಕಬಸವಾ," ಎಂದು ಬೈದೆ.

"ಹೇಳೂ ಹೊತ್ತಿನ್ಯಾಗ ಹೇಳಲಿಲ್ಲ," ಎಂದ ಗೊಲ್ಲಾಳಪ್ಪ. "ಈಗ ಹೇಳಿದ್ರ ಕುರಿ ಎದ್ದು ಬರ್ತಾವೇನು? ತನ್ನ ಕೈಲೇನ ಸತ್ತು ಅಂತ ಅಕಿ ಸಾಯೂತನಾ ಅಳೂದು ಬ್ಯಾಡ. ನನ್ನ ಬೈಕೋಂತ ಇರಲಿ."