ಬೂಟಿನೊಳಗಿನ ಹಳ್ಳ

ಸುಳ್ಳು ಹೇಳುವುದರಲ್ಲಿ ನಾನು ಮೊದಲಿನಿಂದಲೂ ದಡ್ಡ. ಹೊಸ ಸುಳ್ಳು ಹೊಳೆಯುವುದಿಲ್ಲ, ಹಳೆಯದನ್ನೇ ತಿರುಗಿ ತಿರುಗಿ ಹೇಳಿ ಸಿಕ್ಕಿಬೀಳುತ್ತೇನೆ. ಹೋದ ಡಿಸೆಂಬರಿನಲ್ಲಿ ಖಾನಾಪುರದಿಂದ ಅಸೋಗಾಕ್ಕೆ ಮಲಪ್ರಭೆಯ ದಂಡೆ ಹಿಡಿದು ನಡೆದಾಗಲೂ ಆದದ್ದು ಅದೇ.

ಬೆಳಗಾವಿಯ ಮಹಾಂತೇಶ ನಗರದಲ್ಲಿ ಮುಂಜಾನೆ ಅಡ್ಡಾಡುವ ನಾವು ಹತ್ತು ಮಂದಿ, ವರ್ಷಕ್ಕೊಮ್ಮೆ ಚಳಿಗಾಲದಲ್ಲಿ ಹೀಗೆ ಹೊಳೆಗುಂಟ ಹೋಗುವವರು. ಯಾವಾಗಲೂ ಎಲ್ಲರಿಗಿಂತ ಮುಂದೆ ನಮ್ಮಣ್ಣ. ಹಿಂದೆ ಉಳಿದವರನ್ನು ಹಂಗಿಸುವುದು ಅವನ ಹಕ್ಕು. ಹಂಗಿಸಿಕೊಳ್ಳುವವನು ಹೆಚ್ಚಾಗಿ ನಾನೇ. ಈ ಸಲ ಅವನ ಎದೆ ಕೊಯ್ದು ಹೊಲಿದು ಆರು ತಿಂಗಳಾಗಿತ್ತು. ನಡೆಯಬಹುದು, ಆದರೆ ದಮ್ಮು ಹತ್ತಿದರೆ ಕೂಡಲೇ ಕೂತುಬಿಡಬೇಕು ಎಂದಿದ್ದರು ಡಾಕ್ಟರು. ಅಣ್ಣನಿಗೆ ಮೊದಲರ್ಧ ಮಾತ್ರ ಕೇಳಿಸಿತ್ತು. ಹೊರಡುವಾಗ ಅತ್ತಿಗೆ ಅವನಿಗೆ ಕಾಣದಂತೆ ನನ್ನ ಕೈಗೆ ಗುಳಿಗೆಯ ಡಬ್ಬಿ ಕೊಟ್ಟಳು. ನನಗೆ ನಿಜವಾಗಿ ಹೆದರಿಕೆಯಾದದ್ದು ಆಗಲೇ.

ದಂಡೆಯ ಹುಲ್ಲು ಇಬ್ಬನಿಗೆ ತೊಯ್ದಿತ್ತು. ನೀರಿನ ಮೇಲಿನ ಮಂಜು ಇನ್ನೂ ಸರಿದಿರಲಿಲ್ಲ. ಅಣ್ಣನ ಉಸಿರಿನ ಸದ್ದು ಕೇಳಿಸತೊಡಗಿದ ಕೂಡಲೆ ನಾನು ನೆಲಕ್ಕೆ ಕೂತೆ.

“ಬೂಟಿನ್ಯಾಗ ಹಳ್ಳ ಹೊಕ್ಕೈತಿ, ನಿಂದ್ರಣ್ಣಾ.”

ನಮ್ಮ ಕಡೆ ಹರಳಿಗೂ ಹಳ್ಳವೆನ್ನುತ್ತೇವೆ, ಹರಿಯುವ ನೀರಿಗೂ ಹಳ್ಳವೆನ್ನುತ್ತೇವೆ. ಕಾಲಿಗೆ ಚುಚ್ಚುವುದಕ್ಕೂ ಕಾಲು ತೊಳೆಯುವುದಕ್ಕೂ ಒಂದೇ ಹೆಸರಿಟ್ಟ ಹಿರಿಯರು ಮಾತಿನಲ್ಲಿ ಜಿಪುಣರೇ ಇರಬೇಕು. ನಾನು ಬೂಟು ಬಿಚ್ಚಿ, ಇಲ್ಲದ ಹರಳನ್ನು ಕೊಡವಿ, ಅವನ ಉಸಿರು ಇಳಿಯುವವರೆಗೂ ಲೇಸು ಕಟ್ಟುತ್ತಿದ್ದೆ. ಹೀಗೆ ನಾಲ್ಕು ಸಲ. ಉಳಿದವರೆಲ್ಲ ಮುಂದೆ ಹೋಗಿಬಿಟ್ಟರು.

ಹೊಳೆಗೆ ಕೂಡುವ ಸಣ್ಣ ಹಳ್ಳವೊಂದನ್ನು ದಾಟಿ ಐದನೆಯ ಸಲ ಬಗ್ಗಿದಾಗ ಅಣ್ಣ ನಕ್ಕ.

“ಲೇ ತಮ್ಮಾ, ಇಷ್ಟೂ ಹಳ್ಳ ನಿನ್ನ ಬೂಟಿನ್ಯಾಗ ಹೊಕ್ಕರ, ಮಲಪ್ರಭಾ ಹೊಳಿಗೆ ನೀರು ಎಲ್ಲಿಂದ ಬರಬೇಕೋ?”

ನಾನೂ ನಕ್ಕೆ, ಆದರೆ ಕಣ್ಣು ತುಂಬಿ ಬಂತು. ಇನ್ನು ಇವನನ್ನು ನಿಲ್ಲಿಸಲು ನನ್ನ ಹತ್ತಿರ ಏನೂ ಉಳಿದಿರಲಿಲ್ಲ. ಅವನು ನಡೆದ, ಜೇಬಿನೊಳಗೆ ಡಬ್ಬಿ ಹಿಡಿದುಕೊಂಡು ನಾನು ಹಿಂದೆ ಹಿಂದೆ.

ಅಸೋಗಾ ಹತ್ತಿರವಾದಾಗ ಒಂದು ಏರು ಬಂತು. ಅರ್ಧ ಹತ್ತಿ ಅಣ್ಣ ನಿಂತ. ಮೇಲೆ ಗೆಳೆಯರು ಕೈಬೀಸಿ ಕರೆಯುತ್ತಿದ್ದರು. ಅವರನ್ನು ನೋಡಿದ, ನನ್ನನ್ನು ನೋಡಿದ, ಆಮೇಲೆ ದಾರಿಬದಿಯ ಬಂಡೆಯ ಮೇಲೆ ಮೆಲ್ಲಗೆ ಕೂತ.

“ನನ್ನ ಬೂಟಿನ್ಯಾಗೂ ಒಂದು ಹಳ್ಳ ಹೊಕ್ಕೈತಿ ನೋಡೋ,” ಎಂದ. ಬೂಟಿಗೆ ಮಾತ್ರ ಕೈ ಹಚ್ಚಲಿಲ್ಲ.

ನಾನು ಪಕ್ಕದಲ್ಲಿ ಕೂತೆ. ಏನಾಯಿತೆಂದು ಮೇಲಿನವರು ಕೂಗಿ ಕೇಳಿದರು.

“ನನ್ನ ಬೂಟಿನ್ಯಾಗ ಹಳ್ಳ ಹೊಕ್ಕೈತ್ರೀ, ನೀವು ನಡೀರಿ!” ಎಂದು ನಾನೂ ಕೂಗಿದೆ.

ಸುಳ್ಳು ಹಳೆಯದೇ. ಈ ಸಲ ಮಾತ್ರ ಸಿಕ್ಕಿಬೀಳಲಿಲ್ಲ.